ಗುಡುಗಮ್ಮ ಚಿಲಕ ಹಾಕಿಕೊಂಡಳು

ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ಬೆಳಕು ಹರಿಯುತ್ತಲೇ ಪಾರ್ಕಿನ ಶೌಚಾಲಯದ ಬೀಗ ತೆಗೆಯುವವಳು ಅವಳು. ನಾಲ್ಕು ಕೋಣೆಗೂ ನೀರು ಹೊಯ್ಯುವವಳು ಅವಳು. ಮೊಣಕಾಲೂರಿ ಕೂತು, ಬಡಾವಣೆಯ ದೊಡ್ಡ ಮನುಷ್ಯರು ಬಿಟ್ಟು ಹೋದದ್ದನ್ನೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯುವವಳೂ ಅವಳೇ. ಆದರೆ ತನಗೆ ಒತ್ತಿ ಬಂದರೆ ಅದೇ ಬಾಗಿಲಿಗೆ ಬೀಗ ಜಡಿದು, ಗೋಡೆ ಸುತ್ತಿಕೊಂಡು, ಟ್ರಾನ್ಸ್‌ಫಾರ್ಮರ್ ಹಿಂದಿನ ಪೊದೆಗೆ ಓಡಬೇಕು.

ಅದು ಬಡಾವಣೆಯ ಸಂಘದ ನಿಯಮ. ತೊಳೆಯುವವರು ತೊಳೆದು ಹೊರಗೆ ಬರಬೇಕು.

ಒಮ್ಮೆ ಅವಳು ನಿಯಮ ಮುರಿದಿದ್ದಳು. ಹೊರಗೆ ಬರುವಾಗ ಸಂಘದ ಅಧ್ಯಕ್ಷರು ಎದುರಾದರು. ಮೂಗಿಗೆ ಕರವಸ್ತ್ರ ಹಿಡಿದರು. "ನೀವೆಲ್ಲ ಹೋದ್ರೆ ವಾಸನೆ ಬರುತ್ತಮ್ಮ" ಅಂದರು.

"ವಾಸನೆ ನಾನು ಬರೋಕೆ ಮುಂಚೆ ಇತ್ತು ಸಾರ್. ಈಗ ಫಿನಾಯಿಲು."

ಅಧ್ಯಕ್ಷರಿಗೆ ಅದು ಕೇಳಿಸಲಿಲ್ಲ. ಅವರಿಗೆ ಬೇಕಾದಾಗ ಕಿವಿ ಬಹಳ ಚುರುಕು, ಬೇಡವಾದಾಗ ಕಲ್ಲು. ಆ ತಿಂಗಳ ಕೂಲಿಯಲ್ಲಿ ಒಂದು ದಿನದ್ದು ಮುರಿದುಕೊಂಡರು. ಅಂದಿನಿಂದ ಅವಳು ಪೊದೆಯವಳಾದಳು.

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗುಡುಗಮ್ಮ ಅಂತ. ಅವಳು ನಕ್ಕರೆ ತಗಡಿನ ಮಾಡಿನ ಮೇಲೆ ಕಲ್ಲುಗುಂಡು ಉರುಳಿದ ಹಾಗೆ. ಬೈದರೂ ನಗು, ಅತ್ತು ಮುಗಿದ ಮೇಲೂ ನಗು. ಗಂಡ ಸತ್ತ ವರ್ಷ ಮಾತ್ರ ನಗಲಿಲ್ಲ ಎಂದು ಓಣಿಯವರು ಹೇಳುತ್ತಾರೆ. ಅದೂ ಪೂರ್ತಿ ವರ್ಷ ಅಲ್ಲ.

ಓಣಿ ಇರುವುದು ಪಾರ್ಕಿನ ಹಿಂದಿನ ಗೋಡೆಗೆ ಅಂಟಿಕೊಂಡು. ಒಂದು ಮನೆಗೆ ಒಂದೇ ಕೋಣೆ. ಒಲೆ, ಹಾಸಿಗೆ, ನೀರಿನ ಡ್ರಮ್ಮು, ಜಗಳ, ಎಲ್ಲ ಅದರೊಳಗೇ. ಬಡಾವಣೆಯ ಪಾತ್ರೆ ತಿಕ್ಕುವವರು, ಬಟ್ಟೆ ಇಸ್ತ್ರಿ ಮಾಡುವವರು, ಮೋರಿಗೆ ಇಳಿಯುವವರು, ಕಸ ಹೊರುವವರು ಬೆಳಿಗ್ಗೆ ಈ ಓಣಿಯಿಂದ ಹೊರಟು ಸಂಜೆ ಇದೇ ಓಣಿಗೆ ಬಂದು ಬೀಳುತ್ತಾರೆ. ಹಿಂದೆ ಓಣಿಯ ಕೊನೆಯಲ್ಲಿ ಎಲ್ಲರಿಗೂ ಸೇರಿದ ಒಂದು ಕಕ್ಕಸು, ಪಕ್ಕದಲ್ಲೇ ಒಂದು ನಲ್ಲಿ ಇತ್ತು. ಪಾರ್ಕಿಗೆ ಗೋಡೆ ಎಬ್ಬಿಸುವಾಗ ಎರಡನ್ನೂ ಕೆಡವಿದರು. "ಅಳಬೇಡ್ರಪ್ಪಾ, ಒಳಗೆ ಟೈಲ್ಸ್ ಹಾಕಿ ನಾಲ್ಕು ಕೋಣೆ ಕಟ್ತಾ ಇದ್ದೀವಿ, ನಿಮಗೇನೆ" ಎಂದು ನಗರಸಭೆಯ ಸಾಹೇಬರು ಓಣಿಯ ಬಾಯಿಗೇ ಬಂದು ಹೇಳಿ ಹೋದರು. ಕೋಣೆಯನ್ನೇನೋ ಕಟ್ಟಿದರು. ಟೈಲ್ಸೂ ಹಾಕಿದರು. ಆಮೇಲೆ ಬಡಾವಣೆಯ ಸಂಘದವರು "ನಿರ್ವಹಣೆ ನಮಗಿರಲಿ" ಎಂದು ಬೀಗ ತಂದರು. ಗೇಟಿಗೊಬ್ಬ ಕಾವಲುಗಾರನನ್ನು ಇಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತುತ್ತಿನ ಮಾತು ಇಲ್ಲಿ ಸರಿಹೋಗುವುದಿಲ್ಲ ಅನ್ನುತ್ತಿದ್ದಳು ಗುಡುಗಮ್ಮ, "ಅದು ಬಾಯಿ ಕಡೆದು, ಆ ಕಡೆ ಮಾತು ಹೇಳ್ರೇ."

ಕಾವಲುಗಾರ ಬೇರೆ ಯಾರೂ ಅಲ್ಲ. ಗುಡುಗಮ್ಮನ ಮೈದುನ, ಅವಳ ಗಂಡನ ತಮ್ಮ. ಇರುವುದು ಅದೇ ಓಣಿಯಲ್ಲಿ. ಕಿವಿ ಮುಚ್ಚುವಷ್ಟು ದೊಡ್ಡ ಟೋಪಿ, ಕುತ್ತಿಗೆಗೆ ಸೀಟಿ. ಓಣಿಯವರನ್ನು ಒಳಗೆ ಬಿಡಬಾರದು ಎಂಬುದೇ ಅವನ ಕೆಲಸವಾದ್ದರಿಂದ ಅವನು ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಬೆಳಿಗ್ಗೆ ಸತ್ತ ಅಣ್ಣನ ಮನೆಯಲ್ಲಿ ಗಂಜಿ ಕುಡಿದು, ಹತ್ತು ಹೆಜ್ಜೆ ನಡೆದು, ಗೇಟಿನಲ್ಲಿ ಅದೇ ಅತ್ತಿಗೆಗೆ "ಎಲ್ಲಿಗೆ? ಯಾಕೆ?" ಎಂದು ಕೇಳಬೇಕು. ಅವಳು "ನಿನ್ನ ಮದುವೆಗೆ" ಎಂದು ಒಳಗೆ ಹೋಗುವಳು.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಸಂಘದವರಿಗೆ ಒಂದು ವಾರದ ಉತ್ಸಾಹ ಬಂತು.

ಬಡಾವಣೆಯವರು ಎಲ್ಲದಕ್ಕೂ ಪೇಟೆಯ ಆಚೆ ತುದಿಗೆ ಕಾರು ಓಡಿಸುತ್ತಾರೆ, ಇಲ್ಲಿರುವುದನ್ನು ಯಾರೂ ಬಳಸುವುದಿಲ್ಲ ಎಂಬುದು ಅಧ್ಯಕ್ಷರ ದುಃಖ. ಪಾರ್ಕಿನ ನಡುವೆ ಬಟ್ಟೆಯ ಪಟ್ಟಿ ಕಟ್ಟಿಸಿದರು. ಕುರ್ಚಿ ಹಾಕಿಸಿದರು. ಕುರ್ಚಿ ಒರೆಸಲು ಗುಡುಗಮ್ಮ.

ಅಧ್ಯಕ್ಷರು ಮೈಕು ಹಿಡಿದರು. "ನಮ್ಮ ಕಾಲ ಬುಡದಲ್ಲೇ ಎಲ್ಲಾ ಇದೆ. ವಾಚನಾಲಯ ಇದೆ, ಓದೋರಿಲ್ಲ. ವ್ಯಾಯಾಮದ ಯಂತ್ರ ಇದೆ, ತುಕ್ಕು ಹಿಡೀತಾ ಇದೆ. ನೆರಳಿದೆ, ನೀರಿದೆ, ಶೌಚಾಲಯ ಇದೆ. ಬಳಸದ ಸೌಲಭ್ಯ ಸತ್ತ ಹಾಗೆ! ಇಲ್ಲಿ ಬದುಕುವ ಪ್ರತಿಯೊಬ್ಬರೂ ಇದನ್ನ ತಮ್ಮದು ಅಂತ ಬಳಸಬೇಕು. ಪ್ರತಿಯೊಬ್ಬರೂ!"

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಕುರ್ಚಿ ಒರೆಸುತ್ತಿದ್ದ ಗುಡುಗಮ್ಮ ಬಟ್ಟೆ ಹೆಗಲಿಗೆ ಹಾಕಿಕೊಂಡಳು.

"ಪ್ರತಿಯೊಬ್ಬರೂ ಅಂದ್ರೆ ನಾವೂನಾ ಸಾರ್?"

ಎಲ್ಲರ ಕುತ್ತಿಗೆಯೂ ತಿರುಗಿತು. ಅಧ್ಯಕ್ಷರು ನಕ್ಕರು. ಒಳ್ಳೆಯ ಹಲ್ಲು ಅವರದು.

"ನೀನು ಬಳಸ್ತಾನೇ ಇದ್ದೀಯಲ್ಲಮ್ಮ. ಪೊರಕೆನ."

ಸಭೆ ಬಿದ್ದು ಬಿದ್ದು ನಕ್ಕಿತು. ಗುಡುಗಮ್ಮನೂ ನಕ್ಕಳು. ಎಲ್ಲರೂ ನಕ್ಕು ಮುಗಿಸಿ, ಕಣ್ಣು ಒರೆಸಿಕೊಂಡು, ಮುಂದಿನ ಮಾತಿಗೆ ಸಿದ್ಧರಾದ ಮೇಲೂ ಅವಳ ನಗು ನಿಲ್ಲಲಿಲ್ಲ. ಅಧ್ಯಕ್ಷರು ಮೈಕಿನ ಹತ್ತಿರ ಬಾಯಿ ತಂದು ಎರಡು ಸಲ ವಾಪಸು ಹೋದರು. ಮೂರನೆಯ ಸಲ ಮೈದುನನಿಗೆ ಕಣ್ಸನ್ನೆ ಮಾಡಿದರು. ಅವನು ಅತ್ತಿಗೆಯನ್ನು ಕೈ ಹಿಡಿದು ಹೊರಗೆ ಕರೆದುಕೊಂಡು ಹೋದ.

"ಬಾಯಿ ಸುಮ್ನೆ ಇರಬಾರದಾ ಅತ್ತಿಗೆ?"

"ನಾನೆಲ್ಲಿ ಬಾಯಿ ಬಿಟ್ಟೆ? ಅವರು ಬಿಟ್ಟಿದ್ದು. ಬಾಗಿಲು ಮುಚ್ಚಿ ಬಾಯಿ ಬಿಟ್ರೆ ಹೀಗೇ ಆಗೋದು."

ಇದಾದ ಎರಡೋ ಮೂರೋ ದಿನಕ್ಕೆ ಗೇಟಿನ ಮುಂದೆ ಅದು ನಡೆಯಿತು.

ಗುಡುಗಮ್ಮನ ಸೊಸೆ ಪಾರ್ಕಿನ ಎದುರು ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತುಂಬಿದ ಬಸುರಿ. ಹೊಟ್ಟೆ ಅಡ್ಡ ಬಂದು ಸಿಂಕಿಗೆ ಕೈ ಎಟುಕದೆ ಪಕ್ಕಕ್ಕೆ ತಿರುಗಿ ನಿಂತು ತಿಕ್ಕಬೇಕು. ತಣ್ಣೀರಿನಲ್ಲಿ ಕೈ, ಕೆಳಗೆ ಮಗುವಿನ ಒದೆತ. ಆ ದಿನ ಮನೆಯೊಡತಿಯನ್ನು ಕೇಳಿದಳು. ಬಾಗಿಲ ಕಡೆ ನೋಡಿ, ಧ್ವನಿ ಸಣ್ಣ ಮಾಡಿ ಕೇಳಿದಳು. ಒಡತಿ ಫೋನಿನಿಂದ ತಲೆ ಎತ್ತಲಿಲ್ಲ. "ಅಯ್ಯೋ, ನಮ್ಮನೇದು ಬೇಡಮ್ಮ. ಹೊರಗೆಲ್ಲಾದ್ರೂ ನೋಡ್ಕೊ. ಈ ಬಾಣಲೆ ಒಂದು ಮುಗಿಸಿ ಹೋಗು."

ಬಾಣಲೆ ಮುಗಿಸಿದಳು. ಆಮೇಲೆ ಓಡಿದಳು. ಓಡಲಾಗಲಿಲ್ಲ. ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಬಿರುಸಾಗಿ ನಡೆದಳು. ಪೊದೆಯವರೆಗೆ ಆಗುವುದಿಲ್ಲ ಅಂತ ಅವಳಿಗೇ ಗೊತ್ತಾಯಿತು. ಗೇಟಿಗೆ ಬಂದಳು.

"ಮಾವಾ, ಬಿಡು."

ಮೈದುನ ಗೇಟಿಗೆ ಕೈ ಹಾಕಿದ. ಒಳಗೆ ನೋಡಿದ. ಅಧ್ಯಕ್ಷರು ನಡಿಗೆ ಮುಗಿಸಿ ಬೆಂಚಿನ ಮೇಲೆ ಕೂತು ಇತ್ತಲೇ ನೋಡುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. "ಒಂದ್ ನಿಮಿಷ ತಡಿಯವ್ವ," ಎಂದು ಮೈದುನ ಪಿಸುಗುಟ್ಟಿದ. "ಅವರು ಆ ಕಡೆ ತಿರುಗಲಿ. ಒಂದೇ ನಿಮಿಷ."

ಅವರು ಆ ಕಡೆ ತಿರುಗಲಿಲ್ಲ. ಮೈ ಅಷ್ಟು ಹೊತ್ತು ಕಾಯಲಿಲ್ಲ.

ಬೆಳಗಿನ ಬಿಸಿಲಿನಲ್ಲಿ, ನಡೆಯುವವರೆಲ್ಲ ನಡೆಯುತ್ತಿರುವಾಗ, ಸೊಸೆ ಗೇಟಿನ ಕಂಬಿ ಹಿಡಿದು ನಿಂತಳು. ಬಟ್ಟೆ ಒದ್ದೆಯಾಯಿತು. ಕಾಲು ಒದ್ದೆಯಾಯಿತು. ಹಾಸುಗಲ್ಲಿನ ಮೇಲೆ ಹರಿದು ಹೋಯಿತು. ಯಾರೋ "ಛೀ" ಅಂದರು. ಯಾರೋ ನಕ್ಕರು. ಅಧ್ಯಕ್ಷರ ಹೆಂಡತಿ ಮುಖ ತಿರುಗಿಸಿದರು. ಅಧ್ಯಕ್ಷರು ಎದ್ದು ನಿಂತರು.

"ಥೂ! ಗೇಟಲ್ಲೇ! ಕರೀರಿ ಆ ಗುಡುಗಮ್ಮನ್ನ. ಇದನ್ನ ಮೊದಲು ತೊಳೀಲಿ."

ಗುಡುಗಮ್ಮ ಬಕೆಟ್ಟು ಹಿಡಿದು ಬಂದಳು. ಯಾರದ್ದು ಅಂತ ಬರುವವರೆಗೂ ಗೊತ್ತಿರಲಿಲ್ಲ. ಕಂಡಳು. ಬಕೆಟ್ಟು ಕೆಳಗಿಟ್ಟಳು. ಕೂತಳು. ಸೊಸೆಯ ಪಾದದ ಮೇಲೆ ನೀರು ಹೊಯ್ದು, ಹಿಮ್ಮಡಿ, ಬೆರಳ ಸಂದಿ, ಮೀನಖಂಡ ಎಲ್ಲ ಕೈಯಾರೆ ತೊಳೆಯತೊಡಗಿದಳು.

"ಮೊದಲು ಕಲ್ಲು ತೊಳಿ ಅಂದೆ" ಅಂದರು ಅಧ್ಯಕ್ಷರು.

"ಮೊದಲು ಕಾಲು" ಅಂದಳು ಗುಡುಗಮ್ಮ.

ತಲೆ ಎತ್ತಲಿಲ್ಲ. ನಗಲೂ ಇಲ್ಲ. ಕಾಲು ತೊಳೆದು ಮುಗಿಸಿ, ತನ್ನ ಮೇಲುಹೊದಿಕೆಯನ್ನು ಸೊಸೆಯ ಸೊಂಟಕ್ಕೆ ಸುತ್ತಿ, ಅವಳನ್ನು ಮನೆಗೆ ಬಿಟ್ಟು ಬಂದಳು. ಆಮೇಲೆ ಕಲ್ಲು ತೊಳೆದಳು. ಉಜ್ಜಿದಳು. ಕಲ್ಲು ಸವೆದು ಹೋಗುವಂತೆ ಉಜ್ಜಿದಳು.

ಸಂಜೆ ಸೊಸೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗಂಜಿ ಕೊಟ್ಟರೆ ಬೇಡ. ಮಾತಾಡಿಸಿದರೆ ಇಲ್ಲ. ಗಂಡ, ಎಂದರೆ ಗುಡುಗಮ್ಮನ ಮಗ, ಕೆಲಸದಿಂದ ಬಂದು ತಲೆ ಮೇಲೆ ಕೈ ಇಟ್ಟರೂ ತಿರುಗಲಿಲ್ಲ. "ನಾನು ಇನ್ನು ಆ ಬೀದಿಗೆ ಹೋಗಲ್ಲ" ಎಂದಷ್ಟೇ ಗೋಡೆಗೆ ಹೇಳಿದಳು.

ಮೈದುನ ಹೊಸ್ತಿಲ ಹೊರಗೆ ಕೂತಿದ್ದ. ಟೋಪಿ ಮಡಿಲಲ್ಲಿ. ಒಳಗೆ ಬರುವ ಧೈರ್ಯವಿಲ್ಲ.

"ಒಂದ್ ನಿಮಿಷ ಅಂದೆ ಅತ್ತಿಗೆ. ಒಂದೇ ನಿಮಿಷ."

"ನಿನ್ನ ನಿಮಿಷಕ್ಕೆ ಬೆಂಕಿ ಹಾಕ. ಹೊಟ್ಟೆಲಿರೋ ಕೂಸಿಗೆ ನಿನ್ನ ಗಡಿಯಾರ ಗೊತ್ತಾ?"

ಬಾಗಿಲಲ್ಲಿ ಜನ ಸೇರಿತು. ಇಸ್ತ್ರಿಯವಳು ಬಂದಳು. ಮೋರಿಗಿಳಿಯುವ ಮುದುಕ ಬಂದ. ಓಣಿಗೆಲ್ಲ ಅವನು ಮೋರಿಮಾಮ. ಪಾತ್ರೆ ತಿಕ್ಕುವ ಅಕ್ಕ-ತಂಗಿ ಬಂದರು. ಎಲ್ಲರ ಬಾಯಲ್ಲೂ ಬೆಂಕಿ. ನಾಳೆಯಿಂದ ಯಾರೂ ಕೆಲಸಕ್ಕೆ ಹೋಗಬಾರದು ಅಂದರು ಕೆಲವರು. ಹೋಗದಿದ್ದರೆ ಒಲೆಗೇನು ಹಾಕುವುದು ಅಂದರು ಉಳಿದವರು. ಗೇಟಿಗೆ ಕಲ್ಲು ಹೊಡೆಯೋಣ ಅಂದ ಮೋರಿಮಾಮ.

"ಕಲ್ಲು ಯಾಕೆ ಹೊಡೀತೀಯ? ಆಮೇಲೆ ಆ ಕಲ್ಲು ಗುಡಿಸೋಳೂ ನಾನೇ" ಅಂದಳು ಗುಡುಗಮ್ಮ.  ಆಮೇಲೆ ಅವಳ ಭುಜ ಅಲ್ಲಾಡಿತು. ಅಳುತ್ತಿದ್ದಾಳೆ ಎಂದುಕೊಂಡರು. ಅಲ್ಲ. ಕಲ್ಲುಗುಂಡು ತಗಡಿನ ಮೇಲೆ ಉರುಳತೊಡಗಿತ್ತು.

"ಅಧ್ಯಕ್ಷರು ಏನು ಹೇಳಿದ್ರು? ಬಳಸದ ಸೌಲಭ್ಯ ಸತ್ತ ಹಾಗೆ ಅಂದ್ರು. ಪಾಪ, ದೊಡ್ಡೋರು ಬಾಯಿಬಿಟ್ಟು ಕೇಳಿದಾರೆ. ನಾವು ಬಳಸಬೇಕಲ್ವಾ? ಎಲ್ಲಾ ಬಳಸೋಣ. ಒಂದನ್ನೂ ಬಿಡಬಾರದು."

"ಗೇಟು?" ಅಂದಳು ಇಸ್ತ್ರಿಯವಳು.

ಎಲ್ಲರೂ ಮೈದುನನನ್ನು ನೋಡಿದರು. ಅವನು ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಬೆಳಿಗ್ಗೆ ನನಗೆ ಸ್ವಲ್ಪ ಕಣ್ಣು ಮಂಜು" ಅಂದ.

ಮಾರನೆಯ ಬೆಳಿಗ್ಗೆ ಅಧ್ಯಕ್ಷರು ಬಿಳಿ ಬೂಟು ಹಾಕಿಕೊಂಡು ಪಾರ್ಕಿಗೆ ಬಂದಾಗ ಯಾವುದೋ ಬೇರೆ ಊರಿಗೆ ಬಂದ ಹಾಗಾಯಿತು. ವ್ಯಾಯಾಮದ ಯಂತ್ರಗಳು ಕಿರ್ರೋ ಎನ್ನುತ್ತಿದ್ದವು. ಕಾಲು ಬೀಸುವ ಯಂತ್ರದ ಮೇಲೆ ಇಸ್ತ್ರಿಯವಳು, ದಿನವಿಡೀ ನಿಂತು ಊದಿದ ಕಾಲನ್ನು ಆಚೆ ಈಚೆ ಬೀಸುತ್ತಿದ್ದಳು. "ಅಯ್ಯೋ ಇದು ಚೆನ್ನಾಗಿದೆ ಕಣ್ರೇ! ಕಾಲು ಹಾರುತ್ತೆ, ನೆಲ ಮುಟ್ಟಲ್ಲ!" ತೋಳು ಎಳೆಯುವ ಯಂತ್ರಕ್ಕೆ ಕಸ ಹೊರುವವನು ಜೋತುಬಿದ್ದಿದ್ದ. ಅವನಿಗೆ ಅದು ಹಗುರವಾಗಿ ಕಂಡು, "ಇದಕ್ಕೆ ಭಾರ ಹಾಕೋದು ಮರೆತಿದಾರೆ" ಎಂದು ಮರುಗುತ್ತಿದ್ದ. ಬೆಂಚುಗಳ ಮೇಲೆ ಓಣಿಯ ಅಜ್ಜಿಯರು ಬಿಸಿಲು ಕಾಯಿಸುತ್ತಿದ್ದರು. ವಾಚನಾಲಯದ ಬಾಗಿಲು ತೆರೆದಿತ್ತು. ಮೋರಿಮಾಮ ಅಧ್ಯಕ್ಷರ ಕುರ್ಚಿಯಲ್ಲೇ ಕೂತು ಪತ್ರಿಕೆ ಓದುತ್ತಿದ್ದ. ಅವನಿಗೆ ಓದು ಬರುವುದು ಅಕ್ಷರ ಕೂಡಿಸಿ ಕೂಡಿಸಿ, ಅದೂ ಗಟ್ಟಿಯಾಗಿ. "ಮಂ-ತ್ರಿ-ಗ-ಳಿಂ-ದ ಭ-ರ-ವ-ಸೆ" ಎಂಬುದು ಪಾರ್ಕಿನ ತುಂಬ ಕೇಳುತ್ತಿತ್ತು.

"ಏಯ್, ಯಾರು ಬಿಟ್ಟಿದ್ದು ಇವರನ್ನ?"

"ಯಾರನ್ನ ಸಾರ್?" ಅಂದ ಮೈದುನ. ಕಣ್ಣು ಒರೆಸಿಕೊಂಡ. "ಬೆಳಿಗ್ಗೆಯಿಂದ ಎಲ್ಲ ಮಂಜು ಮಂಜು."

ಅಧ್ಯಕ್ಷರು ಸಿಟ್ಟಿನಲ್ಲಿ ಎರಡು ಹೆಜ್ಜೆ ಹಾಕಿದರು. ಅಷ್ಟರಲ್ಲಿ ಹೊಟ್ಟೆ ಬೇರೆ ಮಾತಾಡಿತು. ದಿನಾ ಬೆಳಿಗ್ಗೆ ತಂಬಿಗೆ ತುಂಬ ಬಿಸಿನೀರು ಕುಡಿದು, ಒಂದು ಸುತ್ತು ಹಾಕಿ, ಆಮೇಲೆ ನೇರ ಅಲ್ಲಿಗೇ. ಅದು ಅವರ ಮೈಗೆ ರೂಢಿ. ಕೆಲವರ ಮೈ ಅವರಿಗಿಂತ ಹಟಮಾರಿ. ಸಿಟ್ಟನ್ನು ಆಮೇಲೆ ನೋಡಿಕೊಳ್ಳೋಣ ಎಂದು ಶೌಚಾಲಯದ ಕಡೆ ನಡೆದರು.

ನಾಲ್ಕೂ ಬಾಗಿಲು ಮುಚ್ಚಿದ್ದವು. ಒಳಗಿನಿಂದ.

ಮೊದಲ ಕೋಣೆಯಲ್ಲಿ ಗುಡುಗಮ್ಮ ಇದ್ದಳು. ಬೆಳಿಗ್ಗೆಯೇ ನಾಲ್ಕನ್ನೂ ಎಂದಿನಂತೆ ತೊಳೆದು, ಕೈ ಒರೆಸಿಕೊಂಡು, ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು.  ಆ ಚಿಲಕಕ್ಕೆ ಎಷ್ಟು ಸಲ ಎಣ್ಣೆ ಬಿಟ್ಟಿದ್ದಳು, ನಿಯಮ ಮುರಿದ ಆ ಒಂದು ಸಲವೂ ಅವಸರದಲ್ಲಿ ಎಳೆದಿರಲಿಲ್ಲ. ಆಮೇಲೆ ಕೂತಳು. ಇಷ್ಟು ವರ್ಷ ಬಗ್ಗಿ ನೋಡಿದ್ದ ಜಾಗವನ್ನು ಸಾವಕಾಶವಾಗಿ ಕೂತು ನೋಡಿದ್ದು ಅವತ್ತೇ. ಕೂತರೆ ಬೇರೆಯೇ ಕಾಣುತ್ತಿತ್ತು. ಕಿಟಕಿಯಲ್ಲಿ ಒಂದು ತುಂಡು ಆಕಾಶ. ಮೂಲೆಯಲ್ಲಿ ತಾನು ಎಂದೂ ಕಾಣದ ಜೇಡರ ಬಲೆ. ಹೊರಗೆ ಯಾರ ಹೆಜ್ಜೆ ಸಪ್ಪಳವಾದರೂ ಎದೆ ಹಾರಬೇಕಿಲ್ಲ, ಬಟ್ಟೆ ಎಳೆದುಕೊಂಡು ಏಳಬೇಕಿಲ್ಲ, ಹಾವಿದೆಯೋ ಗಂಡಸಿದ್ದಾನೋ ಎಂದು ಪೊದೆ ನೋಡಬೇಕಿಲ್ಲ. ಇಷ್ಟೇ. ಇಷ್ಟಕ್ಕೇ ಅವಳ ಕಣ್ಣಲ್ಲಿ ನೀರು ಬಂತು. ಥೂ, ಇಲ್ಲಿ ಕೂತು ಅಳುವವರುಂಟಾ ಅಂದುಕೊಂಡು ಮೂಗು ಒರೆಸಿಕೊಂಡಳು.

ಬಾಗಿಲು ಬಡಿದ ಸದ್ದಾಯಿತು.

"ಒಳಗೆ ಯಾರು?"

"ಪ್ರತಿಯೊಬ್ಬರು!" ಅಂದಳು ಗುಡುಗಮ್ಮ.

ಪಕ್ಕದ ಮೂರೂ ಕೋಣೆಗಳಿಂದ ಕಿಸಕ್ಕನೆ ನಗು ಬಂತು. ಅಕ್ಕ-ತಂಗಿ ಒಂದೊಂದರಲ್ಲಿ, ಕೊನೆಯದರಲ್ಲಿ ಕಸ ಹೊರುವವನ ತಾಯಿ.

"ಗುಡುಗಮ್ಮಾ! ಏನು ತಮಾಷೆ ಇದು? ಬಾ ಹೊರಗೆ!"

"ಬಳಸ್ತಾ ಇದ್ದೀನಿ ಸಾರ್. ಸತ್ತು ಹೋಗುತ್ತೆ ಅಂದ್ರಲ್ಲ, ಬದುಕಿಸ್ತಾ ಇದ್ದೀವಿ."

"ಬೇಗ!"

"ಬೇಗ ಅಂದ್ರೆ ಬರೋದಾ ಸಾರ್ ಇದು? ಎಷ್ಟೋ ವರ್ಷದ್ದು ಬಾಕಿ ಇದೆ."

ಕೊನೆಯ ಕೋಣೆಯ ಮುದುಕಿ ಹೊರಗೆ ಬಂದಳು. ಅಧ್ಯಕ್ಷರು ಮುನ್ನುಗ್ಗಿದರು. ಅಷ್ಟರಲ್ಲಿ ಪತ್ರಿಕೆ ಮಡಿಸಿ ಕಂಕುಳಲ್ಲಿಟ್ಟುಕೊಂಡ ಮೋರಿಮಾಮ ಅವರ ಮುಂದೆ ನಿಂತ. "ನಾನು ಮುಂಚೆ ಬಂದೆ ಸ್ವಾಮಿ. ಸಾಲು ಇಲ್ಲಿಂದ." ಅಧ್ಯಕ್ಷರು ತಿರುಗಿ ನೋಡಿದರೆ ಮೋರಿಮಾಮನ ಹಿಂದೆ ಇಸ್ತ್ರಿಯವಳು, ಅವಳ ಹಿಂದೆ ಅಜ್ಜಿಯರು. ಯಾರೂ ಅವರನ್ನು ಮುಟ್ಟಲಿಲ್ಲ, ತಳ್ಳಲಿಲ್ಲ, ಬೈಯಲಿಲ್ಲ. ನಗುತ್ತ ನಿಂತಿದ್ದರು. ಮೋರಿಮಾಮ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಕೇಳಿತು: "ಭ-ರ-ವ-ಸೆ ಹು-ಸಿ-ಯಾ-ಗ-ದು."

ಅಧ್ಯಕ್ಷರು ಬಿಳಿ ಬೂಟಿನಲ್ಲಿ ಒಂದು ಕಾಲ ಮೇಲೆ ನಿಂತರು. ಇನ್ನೊಂದು ಕಾಲ ಮೇಲೆ ನಿಂತರು. ಮನೆ ಮೂರು ಬೀದಿ ಆಚೆ. ಹಣೆಯಲ್ಲಿ ಬೆವರು. ಆಮೇಲೆ ಏನೋ ನೆನಪಾದವರಂತೆ, ಯಾರನ್ನೂ ನೋಡದೆ, ಹಿಂದಿನ ಗೋಡೆಯ ಕಡೆ ಬಿರುಸಾಗಿ ನಡೆದರು. ಗೋಡೆ ತಿರುಗಿದರು. ಟ್ರಾನ್ಸ್‌ಫಾರ್ಮರ್ ಹಿಂದಿನ ಪೊದೆ ಅಲ್ಲಾಡಿತು.

ಬಯಲಲ್ಲಿ ಕೂತವರನ್ನು ಕಂಡರೆ ಸೀಟಿ ಊದಬೇಕು. ಅದೂ ಸಂಘದ ನಿಯಮವೇ. ಈ ಸೀಟಿಗೆ ಓಣಿಯ ಹೆಂಗಸರೆಲ್ಲ ಎಷ್ಟು ಸಲ ಅರ್ಧಕ್ಕೇ ಎದ್ದು ಓಡಿದ್ದರೋ. ಮೈದುನ ಪೊದೆಯ ಕಡೆ ನೋಡಿದ. ಮಂಜಾದ ಕಣ್ಣು ಒಮ್ಮೆಲೇ ಸರಿಹೋಯಿತು. ಎದೆ ತುಂಬ ಉಸಿರು ಎಳೆದುಕೊಂಡು ಊದಿದ. ಬಡಾವಣೆಯ ಕಿಟಕಿಗಳೆಲ್ಲ ತೆರೆಯುವ ಹಾಗೆ ಊದಿದ.

ಪೊದೆಯಿಂದ ಅಧ್ಯಕ್ಷರು ಎದ್ದರು. ಆ ಹೊತ್ತಿನ ಅವರ ಮುಖವನ್ನು ಓಣಿಯವರು ಇಂದಿಗೂ ಒಬ್ಬರಿಗೊಬ್ಬರು ಮಾಡಿ ತೋರಿಸುತ್ತಾರೆ.

"ಯಾರೇ ಆಗಲಿ ಊದು ಅಂತ ನೀವೇ ಅಂದಿದ್ರಿ ಸಾರ್" ಅಂದ ಮೈದುನ, ಸೀಟಿ ಕೆಳಗಿಳಿಸಿ.  

ನಗು ಎಷ್ಟು ದೊಡ್ಡದೋ ಅದರ ಬೆಲೆಯೂ ಅಷ್ಟೇ ದೊಡ್ಡದು. ಮಧ್ಯಾಹ್ನದೊಳಗೆ ಗುಡುಗಮ್ಮನ ಸೊಂಟದಿಂದ ಬೀಗದ ಕೈ ಕಿತ್ತುಕೊಂಡರು. ಕೆಲಸ ಹೋಯಿತು. ಮೈದುನನ ಸ್ಟೂಲು ತೆಗೆದು, ಸೀಟಿ ಕಸಿದುಕೊಂಡು, ದಿನವಿಡೀ ಬಿಸಿಲಲ್ಲಿ ನಿಲ್ಲು ಅಂದರು. ಬೇರೆಯವನು ಸಿಕ್ಕುವವರೆಗೆ ಮಾತ್ರ ನೀನು ಅಂದರು. ಪೊಲೀಸರೂ ಬಂದು ಮೋರಿಮಾಮನನ್ನು ಓಣಿಯ ಬಾಯಲ್ಲಿ ನಿಲ್ಲಿಸಿ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಎಂದು ಕಪಾಳಕ್ಕೆ ಬಿಗಿದು ಹೋದರು. ಮಾಮನ ಕಿವಿ ಎರಡು ದಿನ ಗುಂಯ್ಗುಟ್ಟಿತು.

ಶೌಚಾಲಯಕ್ಕೆ ಮುಷ್ಟಿ ಗಾತ್ರದ ಹೊಸ ಬೀಗ ಬಿತ್ತು. ಮೇಲೆ ಹಲಗೆ: ದುರಸ್ತಿಯಲ್ಲಿದೆ. ನಿಜವೆಂದು ಕಾಣಲಿ ಎಂದು ಮೂರು ಕೋಣೆಗಳ ಬಾಗಿಲು ಕಿತ್ತು ಎಲ್ಲಿಗೋ ಸಾಗಿಸಿದರು. ಓಣಿಯವರು ಬಳಸುವುದಾದರೆ ಯಾರೂ ಬಳಸುವುದು ಬೇಡ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು.

ಗುಡುಗಮ್ಮ ಬೇರೆ ಕೆಲಸ ಹುಡುಕಿದಳು. ಸಿಗಲಿಲ್ಲ. ಬಡಾವಣೆಯ ಮನೆಯವರೆಲ್ಲ ಅವಳನ್ನು ಕಂಡರೆ ಬಾಗಿಲು ಹಾಕಿಕೊಂಡರು. ಮಗನ ದುಡಿಮೆಯಲ್ಲಿ ಗಂಜಿ ತೆಳುವಾಯಿತು. ಇದೆಲ್ಲಕ್ಕಿಂತ ಅವಳನ್ನು ಕೊರೆದದ್ದು ಸೊಸೆ. ಅವಳು ಬೀದಿಗೆ ಕಾಲಿಡಲಿಲ್ಲ. ಪೊದೆಗೂ ಕತ್ತಲಾದ ಮೇಲೆ ಅತ್ತೆಯ ಕೈ ಹಿಡಿದೇ ಹೋಗಬೇಕು. ಹಗಲೆಲ್ಲ ತಡೆದುಕೊಳ್ಳಲು ನೀರು ಕುಡಿಯುವುದನ್ನೇ ಬಿಟ್ಟಳು. ತುಟಿ ಒಡೆಯಿತು. ಗುಡುಗಮ್ಮ ಲೋಟ ಹಿಡಿದು ಗೋಗರೆಯುವಳು. "ನನ್ನ ಮೇಲಿನ ಸಿಟ್ಟಿಗಾದ್ರೂ ಕುಡಿಯೇ. ನನ್ನ ಮುಖಕ್ಕೆ ಉಗಿಯೋಕಾದ್ರೂ ಬಾಯಲ್ಲಿ ನೀರು ಬೇಡ್ವಾ?" ಸೊಸೆ ನಗಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಓಣಿಯೊಳಗೆ ಅಧ್ಯಕ್ಷರ ಹೆಂಡತಿ ಬಂದರು.

ಯಾರೂ ನಂಬಲಿಲ್ಲ. ಆಕೆಗೆ ಸಕ್ಕರೆ ಕಾಯಿಲೆ. ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರಿಂದ ದಿನಾ ಪಾರ್ಕಿಗೆ ಬರುತ್ತಿದ್ದರು. ಆ ಕಾಯಿಲೆಗೆ ಮತ್ತೆ ಮತ್ತೆ ಶೌಚಾಲಯ ಬೇಕಾಗುತ್ತದೆ ಎಂದು ಡಾಕ್ಟರು ಹೇಳಬೇಕಾಗಿರಲಿಲ್ಲ. ಗೋಡೆ ಹಿಡಿದು, ಮೊಣಕಾಲಿಗೆ ಮೊಣಕಾಲು ಒತ್ತಿ, ಗುಡುಗಮ್ಮನ ಬಾಗಿಲಲ್ಲಿ ನಿಂತರು. ಮುಖ ಬೆಳ್ಳಗಾಗಿತ್ತು.

"ಇಲ್ಲಿ... ನಿಮ್ಮಲ್ಲಿ... ಎಲ್ಲಾದ್ರೂ ಇದೆಯಾ?"

"ಇತ್ತು. ಕೆಡವಿದ್ರು."

"ಮತ್ತೆ ನೀವೆಲ್ಲ ಎಲ್ಲಿ..."

"ನಿಮ್ಮ ಯಜಮಾನ್ರು ನೋಡಿದಾರೆ. ಅವರಿಗೆ ದಾರಿ ಗೊತ್ತು."

ಆಕೆ ಅಳುವ ಹಾಗಾದರು. ಗುಡುಗಮ್ಮ ಆಕೆಯ ಮುಖವನ್ನೇ ನೋಡಿದಳು. "ಅವತ್ತು ಗೇಟಲ್ಲಿ ಮುಖ ತಿರುಗಿಸಿದ್ರಿ" ಅಂದಳು.

"ಹೂಂ" ಅಂದರು ಆಕೆ.  

ಗುಡುಗಮ್ಮ ಮೋರಿಮಾಮನ ಮನೆ ಕಡೆ ಕೂಗು ಹಾಕಿದಳು. "ಮಾಮಾ, ನಿನ್ನ ಕಬ್ಬಿಣದ ಹಾರೆ ಕೊಡು."

ಮಾಮ ಹಾರೆ ಹಿಡಿದು ಓಡಿ ಬಂದ. "ನಡಿ, ಒಂದೇ ಏಟಿಗೆ ಹಾರಿಸ್ತೀನಿ."

"ಆಹಾ, ಒಂದು ಕಿವಿ ಸಾಲದಾ ನಿನಗೆ? ನೀನು ಮುರಿದ್ರೆ ಪೊಲೀಸು." ಹಾರೆಯನ್ನು ಅಧ್ಯಕ್ಷರ ಹೆಂಡತಿಯ ಕೈಗೆ ಕೊಟ್ಟಳು. "ಇವರು ಮುರಿದ್ರೆ ಸಂಸಾರ."

ಆಕೆ ಹಾರೆ ನೋಡಿದರು. ಜೀವಮಾನದಲ್ಲಿ ಅಂಥದ್ದನ್ನು ಮುಟ್ಟಿದವರಲ್ಲ. ಕೈ ಭಾರಕ್ಕೆ ಬಾಗಿತು. ಆದರೆ ಮೈಯ ಅವಸರ ಎಂಥವರನ್ನೂ ಗಟ್ಟಿ ಮಾಡುತ್ತದೆ. "ಎಲ್ಲಿ ಹಾಕಬೇಕು ಇದನ್ನ?" ಎಂದು ಕೇಳಿದರು.

ಓಣಿಗೆ ಓಣಿಯೇ ಹಿಂದೆ ಹೊರಟಿತು. ಹೊಸ್ತಿಲು ದಾಟುವಾಗ ಗುಡುಗಮ್ಮ ತಿರುಗಿ ನೋಡಿದಳು. ಸೊಸೆ ಎದ್ದು ಕೂತಿದ್ದಳು. ಗೋಡೆಗೆ ಬೆನ್ನು ಕೊಟ್ಟು, ಹೊಟ್ಟೆಯ ಮೇಲೆ ಕೈ ಇಟ್ಟು, ಹೊರಗೆ ನೋಡುತ್ತಿದ್ದಳು.

"ಬರ್ತೀಯಾ?"

ಸೊಸೆ ಕೈ ಚಾಚಿದಳು. ಮೂಲೆಯಲ್ಲಿದ್ದ ನೀರಿನ ಲೋಟ ಎತ್ತಿ, ಗಟಗಟ ಒಂದೇ ಉಸಿರಿಗೆ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡು ಎದ್ದಳು.

ಗೇಟಿನಲ್ಲಿ ಮೈದುನ ಬಿಸಿಲಿಗೆ ಕಪ್ಪಾಗಿ ನಿಂತಿದ್ದ. ಬರುತ್ತಿರುವವರನ್ನು ಕಂಡ. ಮುಂದೆ ಹಾರೆ ಹಿಡಿದ ಅಧ್ಯಕ್ಷರ ಹೆಂಡತಿಯನ್ನು ಕಂಡ. ಯಾರೂ ಏನೂ ಹೇಳುವ ಮೊದಲೇ ಗೇಟನ್ನು ಪೂರ್ತಿ ತೆರೆದ. ಸೊಸೆ ದಾಟುವಾಗ ತಲೆಯ ಟೋಪಿ ತೆಗೆದ.

ಹಾರೆಯ ತುದಿಯನ್ನು ಬೀಗದ ಕೊಂಡಿಯೊಳಗೆ ಗುಡುಗಮ್ಮ ತೂರಿಸಿದಳು. ಹಿಡಿಯ ಮೇಲೆ ಅಧ್ಯಕ್ಷರ ಹೆಂಡತಿಯ ಬಿಳಿಯ ಕೈ. ಅದರ ಮೇಲೆ ಗುಡುಗಮ್ಮನ ಕೈ, ಫಿನಾಯಿಲು ತಿಂದು ಚರ್ಮ ಸುಲಿದದ್ದು. "ತಳ್ಳಿ" ಅಂದಳು. ತಳ್ಳಿದರು. ಆಗಲಿಲ್ಲ. "ಗಂಡನ್ನ ನೆನೆಸ್ಕೊಂಡು ತಳ್ಳಿ" ಅಂದಳು. ಬೀಗ ಕೊಂಡಿಯ ಸಮೇತ ಕಿತ್ತು ಬಂದು ಟೈಲ್ಸಿನ ಮೇಲೆ ಠಣ್ಣೆಂದು ಬಿತ್ತು.

ಒಳಗೆ ಬಾಗಿಲಿದ್ದದ್ದು ಒಂದೇ ಕೋಣೆಗೆ. ಅಧ್ಯಕ್ಷರ ಹೆಂಡತಿ ಹಾರೆ ಬಿಸುಟು ಅದಕ್ಕೆ ಕೈ ಹಾಕಿದರು. ರೂಢಿ. ಮೊದಲು ಹೋಗಿಯೇ ಅಭ್ಯಾಸ. ಗುಡುಗಮ್ಮ ಅಡ್ಡ ಬರಲಿಲ್ಲ, ಕೈ ಹಿಡಿಯಲಿಲ್ಲ. ಸುಮ್ಮನೆ ನಿಂತು ನೋಡಿದಳು. ಆಕೆಯ ಹಿಂದೆ, ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು, ಸೊಸೆ ನಿಂತಿದ್ದಳು. ಆಕೆ ತಿರುಗಿದರು. ಆ ಹೊಟ್ಟೆಯನ್ನು ನೋಡಿದರು, ಆ ಕೈಗಳನ್ನು ನೋಡಿದರು. ಈ ಸಲ ಮುಖ ತಿರುಗಿಸಲು ಜಾಗವಿರಲಿಲ್ಲ. ತುಟಿ ಕಚ್ಚಿ, ಗೋಡೆಗೆ ಸರಿದು, ದಾರಿ ಬಿಟ್ಟರು.

ಸೊಸೆ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು.

ಸುದ್ದಿ ಮುಟ್ಟಿ ಅಧ್ಯಕ್ಷರು ಓಡಿ ಬಂದರು. ಅಂಗಿಯ ಗುಂಡಿ ಮೇಲು ಕೆಳಗಾಗಿತ್ತು. ಮುರಿದ ಬೀಗ ಕಂಡರು. "ಯಾರು? ಯಾರು ಮುರಿದಿದ್ದು? ಒಬ್ಬೊಬ್ಬರನ್ನೂ ಒಳಗೆ ಹಾಕಿಸ್ತೀನಿ!"

"ನಾನೇ" ಅಂದರು ಹೆಂಡತಿ, ಗೋಡೆಗೆ ಒರಗಿ, ಹಲ್ಲು ಕಚ್ಚಿಕೊಂಡು. "ಹಾಕಿಸಿ. ಅಲ್ಲಾದ್ರೂ ಒಂದು ಇರುತ್ತಲ್ಲ."

ಅಧ್ಯಕ್ಷರು ಸುತ್ತ ನೋಡಿದರು. ಓಣಿ ನೋಡುತ್ತಿತ್ತು. ನಡೆಯಲು ಬಂದ ಬಡಾವಣೆಯ ನಾಲ್ಕಾರು ಹೆಂಗಸರೂ ಬಂದು ಸಾಲಿನ ಹಿಂದೆ ನಿಂತುಕೊಂಡಿದ್ದರು. ಯಾರ ಮೇಲೆ ಕೂಗಬೇಕೋ ತಿಳಿಯದೆ ಅಧ್ಯಕ್ಷರು ಮುಚ್ಚಿದ ಬಾಗಿಲಿನ ಮೇಲೆ ಬಿದ್ದರು. ಎರಡೂ ಕೈಯಿಂದ ಬಡಿದರು.

"ಏಯ್, ಯಾರಲ್ಲಿ ಒಳಗೆ? ಬಾ ಹೊರಗೆ! ಬೇಗ!"

  ಗುಡುಗಮ್ಮ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

ಆಮೇಲೆ ಸೊಸೆಯ ದನಿ ಬಂತು. ಎಷ್ಟೋ ದಿನದಿಂದ ಯಾರೂ ಕೇಳಿರದ ದನಿ. ಅವಸರವಿಲ್ಲ, ನಡುಕವಿಲ್ಲ.

"ಒಳಗೆ ಇಬ್ಬರಿದ್ದೀವಿ. ಹೊತ್ತಾಗುತ್ತೆ. ನಿಂತಿರಿ."